ಮುಳ್ಳು ಹಾಕಿದ ಮನೆಯ ಜೂಮರ್

ಒಳಗಿನಿಂದ ಮತ್ತೆ ಅದೇ ಸದ್ದು ಬಂತು. ಗಾಜಿಗೆ ಗಾಜು ತಾಗುವ ಸದ್ದು. ಮೆಲ್ಲಗೆ, ಬಿಟ್ಟು ಬಿಟ್ಟು.

ಚಿಕ್ಕಮಾದಯ್ಯ ಗೇಟಿನ ಚಿಲಕಕ್ಕೆ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು.

“ಕೇಳುಸ್ತಾ ಮೇಡಮ್ಮೋರೆ?”

“ನನಗೇನು ಕಿವಿ ಇಲ್ವಾ? ಗೇಟು ತೆಗೀರಿ.”

“ಜೂಮರ್ ಬಿದ್ದು ತಿಂಗಳ ಮೇಲಾಯ್ತು. ನೆಲದ ಮೇಲೆ ಬಿದ್ದಿರೋ ಗಾಜು ಗಾಳಿಗೆ ಅಲ್ಲಾಡಕಿಲ್ಲ. ಮತ್ಯಾರು ಅಲ್ಲಾಡುಸ್ತಾವ್ರೆ? ಊರೋರು ಏಳೋದು ಸುಳ್ಳಲ್ಲ ಕಣ್ರಮ್ಮ. ಶಿವಶಂಕರಣ್ಣ ಇನ್ನೂ ಇಲ್ಲೇ ಅವ್ರೆ.”

“ಇದ್ದರೆ ಒಳ್ಳೇದೇ ಆಯ್ತು. ಮೊದಲು ಅವರ ಹೇಳಿಕೇನೇ ತಗೊಳ್ಳೋಣ.”

ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾಗಿ ಈಗ ನನ್ನ ಕಚೇರಿಯ ಕೆಲಸ ನೋಡಿಕೊಳ್ಳುವ ಮನುಷ್ಯ. ಕಳ್ಳರಿಗೆ ಹೆದರಿದವರಲ್ಲ, ಕೊಲೆಗಾರರಿಗೆ ಹೆದರಿದವರಲ್ಲ. ಸತ್ತವರೆಂದರೆ ಮಾತ್ರ ಅವರಿಗೆ ಕೈಕಾಲು ನಡುಗುತ್ತದೆ. ನಾನು ಅದಕ್ಕೆ ತಿರುವುಮುರುವು. ವಕೀಲಿ ಹಿಡಿದ ಮೇಲೆ ನನಗೆ ಬದುಕಿರುವವರನ್ನು ಕಂಡರೇ ಭಯ, ಅದರಲ್ಲೂ ನನ್ನ ಸ್ವಂತ ಕಕ್ಷಿದಾರರನ್ನು ಕಂಡರೆ.

ಆ ಮಧ್ಯಾಹ್ನ ನನ್ನ ಸಿಟ್ಟೆಲ್ಲ ಅಂಥ ಒಬ್ಬ ಕಕ್ಷಿದಾರರ ಮೇಲಿತ್ತು. ಶ್ರೀರಂಗಪಟ್ಟಣದ ಗೌಸ್ ಸಾಬರು, ಮನೆಗಳಿಗೆ ಜೂಮರ್, ಅಂದರೆ ಗಾಜಿನ ಗೊಂಚಲು ದೀಪ, ತೂಗುಹಾಕುವ ಮೇಸ್ತ್ರಿ. ಕ್ಯಾತನಹಳ್ಳಿಯ ಶಿವಶಂಕರ್ ನಾಲೆಯ ಪಕ್ಕ ಕಟ್ಟಿಸಿದ ಈ ಹೊಸ ಮನೆಯ ಹಜಾರದಲ್ಲಿ ಅವರು ಏರಿಸಿದ ಜೂಮರ್, ಗೃಹಪ್ರವೇಶವಾಗಿ ವಾರ ಕಳೆಯುವುದರೊಳಗೆ ಮನೆಯ ಯಜಮಾನನ ತಲೆಯ ಮೇಲೆಯೇ ಬಿದ್ದಿತ್ತು. ನಿರ್ಲಕ್ಷ್ಯದ ಕೇಸು. ನಾಳೆ ಪಾಂಡವಪುರದ ಕೋರ್ಟಿನಲ್ಲಿ ಆರೋಪ ಓದಿ ಹೇಳುವವರಿದ್ದರು.

ಬೆಳಿಗ್ಗೆ ಸಾಬರು ನನ್ನ ಕಚೇರಿಗೆ ಬಂದು, ಕುರ್ಚಿಯಲ್ಲೂ ಕೂರದೆ, ಒಂದೇ ಮಾತು ಹೇಳಿದ್ದರು.

“ತಪ್ಪು ನಂದೇ ಮೇಡಂ. ಫ್ಯಾನ್ ಹುಕ್ಕಿಗೇ ಹಾಕ್ಬುಟ್ಟೆ. ನಾಳೆ ಒಪ್ಕೋತೀನಿ. ನೀವು ತಕರಾರು ಎತ್ಬೇಡಿ.”

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗಾಯಿತು ನನ್ನ ಪಾಡು. ಅವರು ಆಚೆ ಹೋದ ಬೆನ್ನಿಗೇ ಮಗಳು ಮಹ್ವಿಶ್ ಒಳಗೆ ಬಂದು ನನ್ನ ಮೇಜಿನ ಅಂಚು ಹಿಡಿದುಕೊಂಡು ಅತ್ತಿದ್ದಳು.

“ಸುಳ್ಳು ಮೇಡಂ, ಖುದಾ ಕಸಮ್ ಸುಳ್ಳು. ನನ್ನ ಮಗೂನ ತೊಟ್ಲನ್ನೂ ಅಬ್ಬಾ ಫ್ಯಾನ್ ಹುಕ್ಕಿಗೆ ಕಟ್ಟಕ್ಕೆ ಬುಡ್ಲಿಲ್ಲ. ಅಂಥೋರು ಸಿಮೆಂಟ್ ಮೂಟೆಗಿಂತ ಭಾರ ಇರೋ ಜೂಮರ್ನ ಹಾಕ್ತಾರಾ? ಅಬ್ಬಾನ ಜೈಲಿಗೆ ಓಗಕ್ಕೆ ಬುಡ್ಬೇಡಿ.”

ಅವಳು ಹೇಳಿದ್ದರಲ್ಲಿ ಅರ್ಥವಿತ್ತು. ಗೌಸ್ ಸಾಬರ ಕೆಲಸದ ಕ್ರಮವನ್ನು ನಾನು ಇನ್ನಿಬ್ಬರು ಮನೆಯವರ ಬಳಿ ಕೇಳಿ ತಿಳಿದಿದ್ದೆ. ಅವರು ತಾರಸಿಯನ್ನು ಮೇಲಿನಿಂದ ಕೆಳಗಿನವರೆಗೂ ಕೊರೆದು, ಉದ್ದನೆಯ ಬೋಲ್ಟು ಇಳಿಬಿಟ್ಟು, ಮೇಲೆ ಟೆರೇಸಿನಲ್ಲಿ ಕಬ್ಬಿಣದ ಪ್ಲೇಟು ಇಟ್ಟು ನಟ್ಟು ಬಿಗಿಯುತ್ತಾರೆ. ಮೋಲ್ಡ್ ಹಾಕುವಾಗ ಗಾರೆಯವರು ಫ್ಯಾನಿಗೆಂದು ಬಗ್ಗಿಸಿ ಬಿಟ್ಟ ಕಂಬಿಯ ಕಡೆ ತಿರುಗಿಯೂ ನೋಡುವುದಿಲ್ಲ. ಹಾಗಾದರೆ ಈ ಮನುಷ್ಯ ಮಾಡದ ತಪ್ಪನ್ನು ಏಕೆ ಒಪ್ಪಿಕೊಳ್ಳುತ್ತಿದ್ದಾರೆ? ಅದನ್ನು ತಿಳಿಯದೆ ನಾಳೆ ನ್ಯಾಯಾಧೀಶರ ಮುಂದೆ ಬಾಯಿ ಮುಚ್ಚಿಕೊಂಡು ನಿಲ್ಲುವುದು ನನ್ನ ಜಾಯಮಾನವಲ್ಲ.

ನಾನೇ ಗೇಟು ತಳ್ಳಿದೆ.

ಮುಂಬಾಗಿಲಿಗೆ ಬೀಗ, ಬೀಗದ ಮೇಲೆ ಅಡ್ಡಡ್ಡ ಜಾಲಿಮುಳ್ಳು. ಶಿವಶಂಕರ್ ಪ್ರಾಣ ಬಿಟ್ಟದ್ದು ಧನಿಷ್ಠಾ ನಕ್ಷತ್ರದಲ್ಲಂತೆ. ಅಂಥ ನಕ್ಷತ್ರದಲ್ಲಿ ಸಾವಾದರೆ ಮನೆ ಬಿಡಬೇಕು. ಬಾಗಿಲಿಗೆ ಮುಳ್ಳು ಹಾಕಿ, ಐನೋರು ಹೇಳಿದಷ್ಟು ತಿಂಗಳು ಯಾರೂ ಆ ಕಡೆ ತಲೆ ಹಾಕಬಾರದು. ಒಳಗಿನ ಸಾಮಾನು ತರಬಾರದು, ಕಸ ಕೂಡ ಗುಡಿಸಬಾರದು. ಇಂಥದ್ದನ್ನು ನಂಬದ ನನಗೂ ಈ ಪದ್ಧತಿಯಿಂದ ಒಂದು ಉಪಕಾರವಾಗಿತ್ತು. ಮಹಜರು ಬರೆದು ಪೊಲೀಸರು ಹೋದ ಮೇಲೆ ಒಳಗೆ ಒಂದು ಚೂರೂ ಕದಲಿರಲಾರದು.

ಬೀಗದ ಕೈ ಸತ್ತವನ ತಮ್ಮ ರವೀಂದ್ರನ ಬಳಿ ಇತ್ತು. ಕೇಳಿದ್ದಕ್ಕೆ, “ನಕ್ಷತ್ರ ಕಳೀಲಿ ಮೇಡಂ, ಆಮೇಲೆ ನಾನೇ ಕರ್ಕೊಂಡೋಗಿ ತೋರಿಸ್ತೀನಿ” ಎಂದು ಕೈಮುಗಿದು ಕಳಿಸಿದ್ದ. ನಕ್ಷತ್ರ ಕಳೆಯುವ ಹೊತ್ತಿಗೆ ನನ್ನ ಕಕ್ಷಿದಾರರು ಜೈಲಿನಲ್ಲಿರುತ್ತಾರೆ ಎಂದು ಅವನಿಗೆ ಗೊತ್ತಿರಲಿಲ್ಲವೇ?

ಮಹ್ವಿಶ್ ನಮ್ಮ ಜೊತೆಯೇ ತನ್ನ ಸ್ಕೂಟಿಯಲ್ಲಿ ಬಂದಿದ್ದಳು. ಒಳಗೆ ಬರುವುದು ಬೇಡವೆಂದು ಅವಳನ್ನು ನಾಲೆಯ ಮೋರಿಯ ಬಳಿ ನಿಲ್ಲಿಸಿ ನಾವಿಬ್ಬರೂ ಮನೆಯ ಹಿಂದಕ್ಕೆ ಹೋದೆವು.

ಹಿತ್ತಿಲ ಬಾಗಿಲಿನ ಮುಳ್ಳನ್ನು ಯಾರೋ ಪಕ್ಕಕ್ಕೆ ಸರಿಸಿದ್ದರು. ಬಾಗಿಲು ಸುಮ್ಮನೆ ಮುಂದಕ್ಕೆ ಎಳೆದಿತ್ತು. ಮೆಟ್ಟಿಲ ಕೆಳಗೆ ಹೆಂಗಸರ ಒಂದು ಜೊತೆ ಚಪ್ಪಲಿ.

“ನಿಮ್ಮ ದೆವ್ವ ಚಪ್ಪಲಿ ಬಿಟ್ಟು ಒಳಗೆ ಹೋಗಿದೆ ಮಾದಯ್ಯನವರೇ.”

“ತಮಾಷೆ ಮಾಡ್ಬೇಡಿ ಕಣ್ರಮ್ಮ” ಎಂದು ಅವರು ತಮ್ಮ ಚಪ್ಪಲಿಯನ್ನೂ ಬಿಟ್ಟು, ಶರ್ಟಿನೊಳಗಿನ ದಾರವನ್ನು ಮುಟ್ಟಿಕೊಂಡು ನನ್ನ ಹಿಂದೆ ಬಂದರು.

“ಯಾರಿದ್ದೀರಿ?” ಎಂದು ಕೂಗಿದೆ. ಗಾಜಿನ ಸದ್ದು ನಿಂತಿತು.

ಅಡುಗೆಮನೆಯಲ್ಲಿ ಒಲೆಯ ಮೇಲೆ ಹಾಲಿನ ಪಾತ್ರೆ ಹಾಗೇ ಕೂತಿತ್ತು. ಒಳಗಿನದು ಒಣಗಿ ಕಪ್ಪಾಗಿತ್ತು. ಗೃಹಪ್ರವೇಶದ ಮಾವಿನೆಲೆ ತೋರಣ ತರಗಾಗಿ, ಎರಡು ಎಲೆ ನೆಲಕ್ಕೆ ಉದುರಿದ್ದವು. ಹೊಸ ಬಣ್ಣದ ವಾಸನೆಯೂ ಮುಚ್ಚಿಟ್ಟ ಮನೆಯ ವಾಸನೆಯೂ ಸೇರಿಕೊಂಡಿದ್ದವು. ಬದುಕಲು ಶುರುಮಾಡುವ ಮೊದಲೇ ನಿಂತುಹೋದ ಮನೆ ಅದು. ಅಲ್ಲಿ ನಿಂತಾಗ ನನಗೂ ಮೈ ಜುಮ್ಮೆಂದಿತು, ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ.

ಹಜಾರ ಎರಡು ಅಂತಸ್ತಿನಷ್ಟು ಎತ್ತರ. ಮೇಲಿನ ಕಿಟಕಿಯಿಂದ ಬಿಸಿಲು ಕೋಲಾಗಿ ಇಳಿದು ನೆಲದ ಗಾಜಿನ ರಾಶಿಯ ಮೇಲೆ ಬಿದ್ದಿತ್ತು. ಅಲ್ಲಿಂದ ಚಿಮ್ಮಿದ ಬೆಳಕಿನ ಚುಕ್ಕಿಗಳು ಗೋಡೆಯ ತುಂಬ ನಡುಗುತ್ತಿದ್ದವು. ಆ ಚುಕ್ಕಿಗಳ ನಡುವೆ ಒಬ್ಬ ಹೆಂಗಸು ಕುಳಿತಿದ್ದರು. ಒಂದು ಹರಳನ್ನು ಸೆರಗಿನಿಂದ ಒರೆಸಿ ಪಕ್ಕದ ಮೊರಕ್ಕೆ ಹಾಕಿದರು. ಟಿಣ್ ಎಂದಿತು. ಮೊರದಲ್ಲಿ ಆಗಲೇ ಒರೆಸಿದ ಹರಳುಗಳು ಅರ್ಧ ತುಂಬಿದ್ದವು.

ಚಿಕ್ಕಮಾದಯ್ಯ ಗೋಡೆಗೆ ಒರಗಿದರು.

“ಜಯಲಕ್ಷ್ಮಮ್ಮ” ಎಂದೆ.

ಶಿವಶಂಕರ್ ಅವರ ಹೆಂಡತಿ ತಲೆ ಎತ್ತಲಿಲ್ಲ. “ಧೂಳು ಕುಂತ್ರೆ ಅವ್ರಿಗಾಗಕಿಲ್ಲ ಕಣವ್ವ. ದಿನಾ ಬೆಳಗ್ಗೆ ಕೋಲಿಗೆ ನವಿಲುಗರಿ ಕಟ್ಕೊಂಡು ಅವ್ರೇ ಒರೆಸೋರು. ಊರೋರೆಲ್ಲ ನಗೋರು. ಮೈಸೂರಿನ ಚೌಟ್ರೀಲಿ ಮದ್ವೆಗೆ ಓಗಿದ್ದಾಗ ನೋಡ್ದಾಗಿಂದ ಇದ್ರ ಮೇಲೆ ಆಸೆ.”

“ನೀವು ದಿನಾ ಬರ್ತೀರಾ?”

“ಎಲ್ರೂ ಗದ್ದೆಗೋದಾಗ ಬತ್ತೀನಿ. ಮುಳ್ಳು ದಾಟ್ಬಾರ್ದು ಅಂತ ನಂಗೂ ಗೊತ್ತು. ನಂಗಿನ್ನೇನು ಕೇಡು ಬರ್ಬೇಕು, ಬರೋದೆಲ್ಲ ಬಂದಾಯ್ತು.”

ಅವರ ಮುಂದೆ ಕುಳಿತು ಸಮಾಧಾನ ಹೇಳುವುದು ಒಳ್ಳೆಯ ಹೆಂಗಸರ ಲಕ್ಷಣ. ನಾನು ಹಾಗೆ ಮಾಡಲಿಲ್ಲ. ನನ್ನ ಕಣ್ಣು ನೆಲದ ಮೇಲಿತ್ತು.

ಹಜಾರದ ನಟ್ಟನಡುವೆ ಕೆಂಪು ಮತ್ತು ಕಪ್ಪು ಗ್ರಾನೈಟಿನಲ್ಲಿ ಒಂದು ದೊಡ್ಡ ಹೂವು ಕೂರಿಸಿದ್ದರು. ಗೌಸ್ ಸಾಬರು ಕೆಲಸ ಮುಗಿದ ದಿನ ಮಗಳಿಗೆ ಕಳಿಸಿದ್ದ ಫೋಟೋ ನನ್ನ ಫೋನಿನಲ್ಲಿತ್ತು. ಅದನ್ನು ತೆಗೆದು ನೋಡಿದೆ. ಜೂಮರ್ ಆ ಹೂವಿನ ಹೊಟ್ಟೆಯ ನೇರಕ್ಕೆ ತೂಗುತ್ತಿತ್ತು. ಕೆಳಗೆ ಸಾಬರು ಹೂವಿನ ಮೇಲೆ ನಿಂತು ಹಲ್ಲು ಬಿಟ್ಟಿದ್ದರು.

ಆದರೆ ಎದುರಿಗಿದ್ದ ಹೂವಿಗೆ ಏನೂ ಆಗಿರಲಿಲ್ಲ. ಒಂದು ಗೆರೆ ಕೂಡ ಬಿದ್ದಿರಲಿಲ್ಲ. ಗ್ರಾನೈಟು ಒಡೆದು ಗುಳಿಯಾಗಿದ್ದದ್ದು ಅದರಿಂದ ಎರಡು ಮೊಳ ಪಕ್ಕಕ್ಕೆ, ಪೂರ್ವದ ಗೋಡೆಯ ಕಡೆಗೆ.

ಅಷ್ಟು ಭಾರದ ವಸ್ತು ಕಳಚಿಕೊಂಡರೆ ನೇರವಾಗಿ ಬೀಳುತ್ತದೆ. ಅದಕ್ಕೇನು ನಡೆದು ಹೋಗಲು ಕಾಲಿದೆಯೇ?

ನಾನು ಕಪ್ಪು ಕೋಟು ತೆಗೆದು ಚಿಕ್ಕಮಾದಯ್ಯನವರ ಕೈಗೆ ಕೊಟ್ಟು ಹೂವಿನ ಮೇಲೆ ಅಂಗಾತ ಮಲಗಿಬಿಟ್ಟೆ.

“ಏಳವ್ವ! ಏಳು!” ಎಂದು ಜಯಲಕ್ಷ್ಮಮ್ಮ ಕಿರುಚಿದರು. ಮೊರ ಮಗುಚಿ ಹರಳೆಲ್ಲ ಚೆಲ್ಲಿದವು. “ಅಂಗೆ ಮಲಗ್ಬ್ಯಾಡ! ಅವ್ರೂ ಇಂಗೇ ಮೇಲೆ ನೋಡ್ಕೊಂಡು ಬಿದ್ದಿದ್ರು.”

ನಾನು ಏಳಲಿಲ್ಲ. ನನ್ನ ನೇರಕ್ಕೆ ಸೂರಿನಲ್ಲಿ ಒಂದು ಗುಂಡನೆಯ ಕಲೆ ಕಂಡಿತು. ಸುತ್ತಲಿನ ಬಣ್ಣಕ್ಕಿಂತ ಸ್ವಲ್ಪ ಹೆಚ್ಚು ಬಿಳಿ. ಪುಟ್ಟಿ ಮೆತ್ತಿ, ಉಜ್ಜಿ, ಮೇಲೆ ಬಣ್ಣ ಬಳಿದ ಜಾಗ. ಅದರ ಪಕ್ಕದಲ್ಲಿ, ಒಡೆದ ಗ್ರಾನೈಟಿನ ಸರಿಯಾಗಿ ಮೇಲೆ, ಫ್ಯಾನ್ ಹುಕ್ಕಿನ ಮುರಿದ ಮೋಟು.

“ಮಾದಯ್ಯನವರೇ, ಟೆರೇಸಿಗೆ ಹೋಗಿ ನೋಡ್ಕೊಂಡು ಬನ್ನಿ. ನಡುಮಧ್ಯದಲ್ಲಿ ಹೊಸ ಸಿಮೆಂಟು ಮೆತ್ತಿದೆಯಾ ಅಂತ.”

“ಒಬ್ನೇನಾ?”

“ದೆವ್ವ ಕೆಳಗೇ ಇದೆಯಲ್ಲ, ಕೂದಲು ಕೆದರಿಕೊಂಡು ಮಲಗಿದೆ. ಹೋಗಿ.”

ಅವರು ಮೆಟ್ಟಿಲು ಹತ್ತಿದ್ದಕ್ಕಿಂತ ಬೇಗ ಇಳಿದು ಬಂದರು. “ಐತೆ ಮೇಡಮ್ಮೋರೆ. ತಟ್ಟೆಯಗಲ ಮೆತ್ತವ್ರೆ. ಸುತ್ತ ಪ್ಲೇಟು ಕೂತಿದ್ದ ಗುರ್ತೂ ಐತೆ.”

ಅಲ್ಲಿಗೆ ಗೌಸ್ ಸಾಬರು ತಪ್ಪು ಮಾಡಿಲ್ಲವೆಂಬುದು ಖಾತ್ರಿಯಾಯಿತು. ಅವರು ತಮ್ಮ ಕ್ರಮದಂತೆಯೇ ಕೊರೆದು, ಬೋಲ್ಟು ಹಾಕಿ, ಹೂವಿನ ನೇರಕ್ಕೆ ತೂಗುಹಾಕಿ ಹೋಗಿದ್ದರು. ಆಮೇಲೆ ಯಾರೋ ಆ ಜೂಮರನ್ನು ಬಿಚ್ಚಿ, ತೂತು ಮುಚ್ಚಿ, ಪಕ್ಕದ ಫ್ಯಾನ್ ಹುಕ್ಕಿಗೆ ಸಿಕ್ಕಿಸಿದ್ದರು. ನನಗೆ ಎದ್ದು ಕುಣಿಯಬೇಕೆನ್ನಿಸಿತು. ಎದ್ದು ಕುಳಿತೆ. ಎದುರಿಗೆ ಜಯಲಕ್ಷ್ಮಮ್ಮ ಬಾಯಿಗೆ ಸೆರಗು ಒತ್ತಿಕೊಂಡಿದ್ದರು.

“ಯಾರು ಜಾಗ ಬದಲಾಯಿಸಿದ್ದು?” ಎಂದು ಕೇಳಿದೆ.

“ಏನ್ ಜಾಗ? ನಂಗೊತ್ತಿಲ್ಲ.”

“ಅಮ್ಮ, ನಿಮ್ಮ ಮನೆ, ನಿಮ್ಮ ಹಜಾರ. ಸೂರಿಗೆ ತೂತು ಮುಚ್ಚಿ ಬಣ್ಣ ಹೊಡೆದರೆ ಮನೆಯೊಡತಿಗೆ ಗೊತ್ತಾಗಲ್ವಾ?”

“ಗೊತ್ತಿಲ್ಲ ಅಂದ್ನಲ್ಲ.”

“ನಾಳೆ ಗೌಸ್ ಸಾಬರು ನಾನೇ ಮಾಡಿದೆ ಅಂತ ಒಪ್ಕೋತಾರೆ. ನಿಮ್ಮ ಗಂಡನ ಸಾವನ್ನ ಆ ಮುದುಕ ತಲೆ ಮೇಲೆ ಹೊತ್ಕೊಂಡು ಜೈಲಿಗೆ ಹೋಗ್ತಾರೆ. ನೀವು ಇಲ್ಲಿ ಕೂತು ಹರಳು ಒರೆಸ್ತಾ ಇರಿ.”

ನನ್ನ ನಾಲಿಗೆ ಒರಟು. ಗಂಡ ಸತ್ತ ಹೆಂಗಸಿಗೆ ಹೀಗೆ ಹೇಳಬಾರದಿತ್ತು. ಆದರೆ ಆ ಮಾತಿಗೇ ಅವರ ಕಟ್ಟೆ ಒಡೆಯಿತು.

“ನಾನೇ ಕಣವ್ವ” ಎಂದರು. “ನಾನೇ ಮಾಡ್ಸಿದ್ದು.”

ಗೋಡೆಯ ಮೇಲಿನ ಚುಕ್ಕಿಗಳು ಮೆಲ್ಲಗೆ ಮೇಲೇರುತ್ತಿದ್ದವು.

“ಗೃಹಪ್ರವೇಶ ಆದ್ಮೇಲೆ ರವೀಂದ್ರ, ನನ್ನ ಮೈದ, ವಾಸ್ತು ನೋಡೋರ್ನ ಕರ್ಕಂಬಂದ. ಆವಯ್ಯ ಒಳಗೆ ಬಂದೇಟ್ಗೆ ಮೇಲೆ ನೋಡಿ ಎದೆ ಎದೆ ಬಡ್ಕೊಂಡ. ಮನೆ ನಡುಮಧ್ಯ ಬ್ರಹ್ಮಸ್ಥಾನ, ಅದ್ನ ಯಾರಾದ್ರೂ ಆರ್‌ಪಾರ್ ತೂತು ಹೊಡೀತಾರಾ, ಯಜಮಾನ್ರು ಉಳಿಯಾಕಿಲ್ಲ ಅಂದ. ನಂಗೆ ಅವತ್ತಿಂದ ನಿದ್ದೆ ಇಲ್ಲ. ಇವ್ರಿಗೇಳಿದ್ರೆ ಬೈತಾರೆ. ‘ಗೌಸ್ ಸಾಬ್ರು ಫ್ಯಾನ್ ಹುಕ್ಕಿಗೆ ಹಾಕಕ್ಕೆ ಒಪ್ಪಾಕಿಲ್ಲ ಅತ್ಗೆ, ಅವ್ರಳಿಯನ್ನ ಕರೆಸಾನ’ ಅಂದ ರವೀಂದ್ರ.”

“ಅಳಿಯ ಅಂದ್ರೆ?”

“ಜಫರ್ ಕಣವ್ವ. ಮಾವನ ಜೊತೆ ಕೆಲ್ಸಕ್ಕೆ ಬರ್ತಿರ್ಲಿಲ್ವಾ, ಆ ಹುಡ್ಗ.”

ಚಿಕ್ಕಮಾದಯ್ಯ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಲಿಲ್ಲ. ಮೋರಿಯ ಬಳಿ ನಿಂತಿದ್ದ ಹುಡುಗಿಯ ಗಂಡ ಆ ಜಫರ್.

ಬೆಳಗಿನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ನನಗೆ ಬೇಡವಾಗಿದ್ದ ಉತ್ತರ. ಗೌಸ್ ಸಾಬರು ತಪ್ಪು ಒಪ್ಪಿಕೊಳ್ಳುತ್ತಿದ್ದದ್ದು ಮಗಳ ಬಾಳಿಗಾಗಿ.

“ಅವ್ನು ಬ್ಯಾಡ ಅಮ್ಮಾ ಬ್ಯಾಡ ಅಂದ” ಎಂದು ಜಯಲಕ್ಷ್ಮಮ್ಮ ಮುಂದುವರಿಸಿದರು. “ಇದು ತಡಿಯಾಕಿಲ್ಲ ಅಂದ. ನಾನೇ ಕಣ್ಣೀರು ಹಾಕ್ಕೊಂಡು ಬಲವಂತ ಮಾಡ್ದೆ. ಸರಿ, ನಾಕೈದು ದಿನಕ್ಕೆ ಅಷ್ಟೇ, ಬೇರೆ ಕಡೆ ಬೋಲ್ಟು ಹೊಡ್ದು ಕೊಡ್ತೀನಿ ಅಂತ ಒಪ್ಕೊಂಡ. ಇವ್ರು ಅವತ್ತು ಕೆ.ಆರ್. ಪೇಟೆ ಕಡೆ ಓಗಿದ್ರು. ಹೊಸಹೊಳಲಿನ ನೆಂಟ್ರ ಮನೇಲಿ ಉಳ್ಕೊಂಡ್ರು. ಬೆಳಗ್ಗೆ ಬಂದ್ರು.”

“ಆ ರಾತ್ರಿ ನೀವು ಇಲ್ಲೇ ಮಲಗಿದ್ರಾ?”

“ಹೊಸ ಮನೇಲಿ ಒಬ್ಳೇ ಎಂಗೆ ಮಲಗಲಿ? ಹಳೇ ಮನೆಗೋದೆ.”

“ಜಫರ್ ಹತ್ತಿದ ಸಾರುವೆ? ಅದನ್ನ ಬಿಚ್ಕೊಂಡು ಹೋದ್ನಾ?”

“ಇಲ್ಲ. ‘ಬೆಳಗ್ಗೆ ನಾನೇ ಬಿಚ್ಚುಸ್ತೀನಿ ಬುಡಿ’ ಅಂತ ರವೀಂದ್ರ ಅಂದ. ಬೀಗಾನೂ ಅವ್ನೇ ಹಾಕ್ದ. ಬೆಳಗ್ಗೆ ನಾನು ಬರೋ ಹೊತ್ಗೆ ಸಾರುವೆ ಇರ್ಲಿಲ್ಲ.”

ಈ ಮಾತನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ಖಾಲಿ ಮನೆ, ಸೂರು ಮುಟ್ಟುವ ಸಾರುವೆ, ಬೀಗದ ಕೈ ಒಬ್ಬನ ಹತ್ತಿರ.

“ಬೆಳಗ್ಗೆ ಇವ್ರು ಬಂದು ಕಾಫಿ ಕುಡುದ್ರು. ಕೋಲು ತಕ್ಕೊಂಡ್ರು. ನಾನು ಒಳಗೆ ಹಾಲು ಕಾಯುಸ್ತಿದ್ದೆ. ‘ಲೇ ಜಯಿ, ಇದ್ಯಾಕ್ ಅತ್ಲಾಗಿ ಸರ್ಕೊಂಡಂಗೈತಲ್ಲ’ ಅಂದ್ರು.” ಅವರು ಸೆರಗಿನ ತುದಿಯ ಗಂಟನ್ನು ಬಿಗಿಯಾಗಿ ಹಿಡಿದುಕೊಂಡರು. “ಬೈತಾರೆ ಅಂತ ನಾನು ಕೇಳುಸ್ದಂಗಿದ್ದೆ. ಓಗೊಟ್ಟಿದ್ರೆ ಒಳಗೆ ಬರೋರು. ಒಂದು ಮಾತು ಓ ಅಂದಿದ್ರೆ ಉಳೀತಿದ್ರು ಕಣವ್ವ. ಈಗ ದಿನಾ ಇಲ್ಲಿ ಬಂದು ಕುಂತ್ಕೋತೀನಿ. ಮತ್ತೆ ಕೂಗ್ತಾರೇನೋ ಅಂತ.”

ವಕೀಲರ ಕಚೇರಿಯಲ್ಲಿ ಕಣ್ಣೀರು ದಿನದ ಸಂಗತಿ, ನನಗದು ರೂಢಿ. ಆದರೆ ಆ ಹಾಲಿನ ಪಾತ್ರೆ ಇನ್ನೂ ಒಲೆಯ ಮೇಲೆ ಇರುವುದು ನೆನಪಾಗಿ ನನ್ನ ಕಣ್ಣೂ ಮಂಜಾಯಿತು. ಚಿಕ್ಕಮಾದಯ್ಯ ಹೆದರಿಕೆ ಮರೆತು ನೆಲಕ್ಕೆ ಕುಕ್ಕರಗಾಲಿನಲ್ಲಿ ಕುಳಿತು ಚೆಲ್ಲಿದ ಹರಳುಗಳನ್ನು ಒಂದೊಂದಾಗಿ ಮೊರಕ್ಕೆ ತುಂಬತೊಡಗಿದರು.

“ಇಷ್ಟನ್ನೂ ನಾಳೆ ಕೋರ್ಟಲ್ಲಿ ಹೇಳ್ತೀರಾ?” ಎಂದು ಕೇಳಿದೆ.

ಅವರು ಸೆರಗಿನ ತುದಿಯ ಗಂಟನ್ನು ಬಿಚ್ಚತೊಡಗಿದರು.

“ಇದೂ ತಕ್ಕೊಂಡೋಗವ್ವ. ಇದೇ ಅವ್ರ್ನ ಕೊಂದಿದ್ದು. ಎಸೆಯಾಕೂ ಆಗ್ದೆ ಇಟ್ಕೊಳ್ಳಾಕೂ ಆಗ್ದೆ ಒದ್ದಾಡ್ತಿದ್ದೆ.”

ಬಗ್ಗಿದ ಕಬ್ಬಿಣದ ಕಂಬಿಯ ತುಂಡು. ಫ್ಯಾನ್ ಹುಕ್ಕಿನ ಕೆಳಗಿನ ಅರ್ಧ. ಜೂಮರಿನ ತಲೆಯ ಮೇಲೆ ಹುಕ್ಕನ್ನು ಮುಚ್ಚಲು ಒಂದು ಹಿತ್ತಾಳೆಯ ಬಟ್ಟಲಿರುತ್ತದೆ. ಆ ಬಟ್ಟಲು ಜಜ್ಜಿಹೋದಾಗ ತುಂಡು ಅದರೊಳಗೇ ಸಿಕ್ಕಿಕೊಂಡಿತ್ತಂತೆ. ಹಿತ್ತಾಳೆ ಒರೆಸುವಾಗ ಇವರ ಕೈಗೆ ಸಿಕ್ಕಿತು. ಹುಕ್ಕು ಭಾರಕ್ಕೆ ಮುರಿಯಿತೆಂದು ಬರೆದುಕೊಂಡ ಪೊಲೀಸರು ಗಾಜಿನ ರಾಶಿಯನ್ನು ಏಕೆ ಕೆದಕುತ್ತಾರೆ?

ತುಂಡನ್ನು ಬಿಸಿಲಿಗೆ ಹಿಡಿದೆ.

ಭಾರ ತಾಳದೆ ಹರಿದ ಕಬ್ಬಿಣ ಎಳೆಎಳೆಯಾಗಿ ಒರಟಾಗಿರುತ್ತದೆ. ಇದರ ಬಾಯಿ ಒಂದು ಪಕ್ಕದಲ್ಲಿ ಮಾತ್ರ ಹಾಗಿತ್ತು, ಅದೂ ಉಗುರಿನ ದಪ್ಪದಷ್ಟು. ಉಳಿದ ಭಾಗವೆಲ್ಲ ಚಪ್ಪಟೆ, ನುಣ್ಣಗೆ, ಅದರ ಮೇಲೆ ಒಂದೇ ದಿಕ್ಕಿಗೆ ಎಳೆದ ಸಣ್ಣ ಸಣ್ಣ ಗೀರು.

“ಕಬ್ಬಿಣ ಕುಯ್ಯೋ ಆಕ್ಸಾ ಬ್ಲೇಡು” ಎಂದು ಚಿಕ್ಕಮಾದಯ್ಯ ನನ್ನ ಭುಜದ ಹಿಂದಿನಿಂದ ಪಿಸುಗುಟ್ಟಿದರು. ಈಗ ಅವರ ದನಿ ಪೊಲೀಸಿನವರದಾಗಿತ್ತು. “ಮುಕ್ಕಾಲು ಪಾಲು ಕುಯ್ದು ಬುಟ್ಟವ್ರೆ. ಬೆಳಗ್ಗೆ ಕೋಲು ತಾಗುದ್ ತಕ್ಷಣ ಬೀಳ್ಲಿ ಅಂತ.”

ಕೋಲಿನ ಸುದ್ದಿ ಊರಿಗೆಲ್ಲ ಗೊತ್ತಿತ್ತು.

ಜಯಲಕ್ಷ್ಮಮ್ಮ ನಮ್ಮಿಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡಿದರು. “ಏನಂತಾವ್ರೆ? ಏನ್ ಕುಯ್ದವ್ರೆ?”

“ನಿಮ್ಮಿಂದ ಏನೂ ಆಗಿಲ್ಲಮ್ಮ” ಎಂದೆ. “ವಾಸ್ತುವಿನಿಂದಲೂ ಆಗಿಲ್ಲ, ನೀವು ಓಗೊಡದೆ ಇದ್ದದ್ದರಿಂದಲೂ ಆಗಿಲ್ಲ. ಇದನ್ನ ಯಾರೋ ಬೇಕು ಅಂತಲೇ ಮಾಡಿದ್ದಾರೆ. ನಾನು ನಿಮ್ಮತ್ರ ಮತ್ತೆ ಬರ್ತೀನಿ. ಅಲ್ಲೀವರೆಗೂ ನಿಮ್ಮ ಮೈದನ ಹತ್ತಿರ ಈ ಮಾತು ಎತ್ತಬೇಡಿ.”

ಚಿಕ್ಕಮಾದಯ್ಯನವರನ್ನು ಅವರ ಜೊತೆಗೆ ಬಿಟ್ಟು ತುಂಡನ್ನು ಕರವಸ್ತ್ರದಲ್ಲಿ ಸುತ್ತಿ ಆಚೆ ಬಂದೆ.

ಕಬ್ಬು ಹೇರಿಕೊಂಡ ಟ್ರಾಕ್ಟರು ಕಾರ್ಖಾನೆಯ ಕಡೆ ಹೋಗುತ್ತಿತ್ತು. ಅದು ದಾಟುವವರೆಗೂ ಮಹ್ವಿಶ್ ದುಪಟ್ಟಾವನ್ನು ಮೂಗಿಗೆ ಹಿಡಿದು ಮೋರಿಯ ಕಟ್ಟೆಯ ಮೇಲೆ ಕುಳಿತಿದ್ದಳು. ನನ್ನನ್ನು ಕಂಡವಳೇ ಎದ್ದು ಓಡಿ ಬಂದಳು.

“ಸಿಕ್ತಾ ಮೇಡಂ? ಏನಾದ್ರೂ ಸಿಕ್ತಾ?”

“ನಿಮ್ಮ ಅಬ್ಬಾ ತಪ್ಪು ಮಾಡಿಲ್ಲ. ಅದಕ್ಕೆ ರುಜುವಾತು ಸಿಕ್ಕಿದೆ.”

ಅವಳು ಎರಡೂ ಕೈ ಎತ್ತಿ ಮುಖ ಸವರಿಕೊಂಡಳು. “ಯಾ ಅಲ್ಲಾ. ನಾನು ಏಳ್ಲಿಲ್ವಾ? ನಾನು ಏಳ್ಲಿಲ್ವಾ ಮೇಡಂ?” ನಗುತ್ತಲೇ ಅತ್ತಳು. ಆ ನಗುವಿನ ಮುಂದೆ ಮಿಕ್ಕಿದ್ದನ್ನು ಹೇಳುವುದಕ್ಕಿಂತ ಒಳಗೆ ಹೋಗಿ ಆ ಗಾಜಿನ ನಡುವೆ ಕುಳಿತುಬಿಡುವುದು ಸುಲಭವೆನ್ನಿಸಿತು ನನಗೆ.

“ಜಫರ್ ಎಲ್ಲಿದ್ದಾನೆ?”

“ನಾಗಮಂಗಲದ ಕಡೆ ಕೆಲಸ ಐತೆ ಅಂತ ಓಗವ್ರೆ. ಈಚೀಚೆಗೆ ಮನೆಗೆ ಸರಿಯಾಗಿ ಬರಲ್ಲ. ಬಂದ್ರೂ ಊಟ ಮಾಡಲ್ಲ, ಅಬ್ಬಾ ಎದುರಿಗೆ ನಿಲ್ಲಲ್ಲ. ಯಾಕೆ?”

ನಾನು ಹೇಳಿದೆ. ಸುತ್ತಿ ಬಳಸದೆ ಹೇಳುವುದು ಬಿಟ್ಟು ನನಗೆ ಬೇರೆ ದಾರಿ ಗೊತ್ತಿಲ್ಲ. ವಾಸ್ತು, ಸರಿಸಿದ ಜೂಮರ್, ಫ್ಯಾನ್ ಹುಕ್ಕು. ಕೊನೆಗೆ ಕರವಸ್ತ್ರ ಬಿಚ್ಚಿ ತುಂಡನ್ನು ತೋರಿಸಿದೆ. ಅವಳು ಮೇಸ್ತ್ರಿಯ ಮಗಳು. ಕುಯ್ದ ಕಬ್ಬಿಣ ಯಾವುದು, ಮುರಿದದ್ದು ಯಾವುದು ಎಂದು ನಾನು ವಿವರಿಸಬೇಕಾಗಲಿಲ್ಲ.

ಅವಳು ಕುಯ್ದ ಬಾಯಿಯ ಮೇಲೆ ಬೆರಳಾಡಿಸಿ ನಾಲೆಯ ಕಡೆ ತಿರುಗಿದಳು.

“ಉದ್ದ ಬೋಲ್ಟು, ಪ್ಲೇಟು ನಮ್ಮನೆ ಅಟ್ಟದ ಮೇಲೆ ಅವೆ” ಎಂದಳು. “ಮೊನ್ನೆ ನೋಡ್ದೆ. ಹಳೇ ಸಾಮಾನು ಅನ್ಕೊಂಡಿದ್ದೆ. ಅಬ್ಬಾನೂ ನೋಡಿರ್ಬೇಕು. ಅವತ್ತಿಂದ್ಲೇ ಅವ್ರು ಮಾತು ಬಿಟ್ಟಿದ್ದು.”

“ಜಫರ್ ಜಾಗ ಬದಲಾಯಿಸಿದ್ದಾನೆ, ಅಷ್ಟೇ. ಹುಕ್ಕು ಕುಯ್ದದ್ದು ಅವನೇ ಅಂತ ನಾನು ಹೇಳ್ತಿಲ್ಲ. ಆ ರಾತ್ರಿ ಮನೇಲಿ ಯಾರೂ ಇರ್ಲಿಲ್ಲ, ಸಾರುವೆ ಹಾಗೇ ಇತ್ತು, ಬೀಗದ ಕೈ ರವೀಂದ್ರನ ಹತ್ರ ಇತ್ತು. ನನಗೆ ಸ್ವಲ್ಪ ಕಾಲಾವಕಾಶ ಕೊಡಿ, ಸಾಬೀತು ಮಾಡ್ತೀನಿ.”

“ರವೀಂದ್ರಣ್ಣ ಗೌಡ್ರ ಮನೆಯವ್ರು ಮೇಡಂ.” ಅವಳ ದನಿಯಲ್ಲಿ ಕಹಿ ಕೂಡ ಇರಲಿಲ್ಲ. “ಸಾರುವೆ ಹತ್ತಿದ್ದು ಯಾರು ಅಂದ್ರೆ ಊರೆಲ್ಲ ಜಫರ್ ಅಂತದೆ. ಅಟ್ಟದ ಮೇಲೆ ಬೋಲ್ಟು ಐತೆ. ಅವ್ರ ಚೀಲದಲ್ಲಿ ಆಕ್ಸಾ ಬ್ಲೇಡೂ ಐತೆ, ಯಾವ ಫಿಟ್ಟರ್ ಚೀಲದಲ್ಲಿ ಇರಲ್ಲ? ಆಮೇಲೆ ಇನ್ಯಾರು ಹತ್ತಿದ್ರು ಅಂತ ಯಾರು ಹುಡುಕ್ತಾರೆ?”

“ನಾನು ಹುಡುಕ್ತೀನಿ.”

“ನೀವು ಹುಡುಕಿ ಮುಗ್ಸೋವರ್ಗೂ ಅವ್ರು ಕೊಲೆ ಕೇಸಲ್ಲಿ ಒಳಗಿರ್ತಾರೆ. ಸಿಗ್ಲಿಲ್ಲ ಅಂದ್ರೆ ಜೀವಾವಧಿ.” ಕಣ್ಣೊರೆಸಿಕೊಂಡು ನೇರವಾಗಿ ನನ್ನನ್ನು ನೋಡಿದಳು. “ಅಬ್ಬಾ ಒಪ್ಕೊಂಡ್ರೆ ಸಣ್ಣ ಶಿಕ್ಷೇಲಿ ಮುಗೀತದೆ ಅಂತ ಬೆಳಿಗ್ಗೆ ನೀವೇ ಅಂದಿದ್ರಿ. ಅಲ್ವಾ?”

“ಮಹ್ವಿಶ್, ನಿಮ್ಮ ಅಬ್ಬಾ ಮಾಡದ ತಪ್ಪು ಅದು. ಅವರಿಗೆ ಈ ವಯಸ್ಸಿನಲ್ಲಿ...”

“ಅವ್ರಿಗೆ ಗೊತ್ತಿದ್ದೇ ಒಪ್ಕೋತಾವ್ರೆ. ನನಗೆ ಗೊತ್ತಿರ್ಲಿಲ್ಲ. ಗೊತ್ತಿಲ್ದೆ ನಿಮ್ಮತ್ರ ಬಂದು ಅತ್ತೆ.”

“ಈ ತುಂಡು ನನ್ನ ಹತ್ತಿರ ಇದೆ. ನಿಜ ಗೊತ್ತಿದ್ದೂ ಇದನ್ನ ಮುಚ್ಚಿಟ್ಕೊಂಡು ನಾನು ಕೋರ್ಟಿಗೆ ಹೋಗಲಾರೆ.”

“ಓಗ್ಬೇಡಿ” ಎಂದಳು. ದುಪಟ್ಟಾವನ್ನು ತಲೆಯ ಮೇಲೆ ಸರಿಯಾಗಿ ಎಳೆದುಕೊಂಡು ಸ್ಕೂಟಿಯ ಕೀಲಿ ತಿರುಗಿಸಿದಳು.

“ನಾಳೆ ಅಬ್ಬಾ ಬೇರೆ ವಕೀಲರ ಜೊತೆ ಬರ್ತಾರೆ ಮೇಡಂ. ನೀವು ಏನ್ ತೋರ್ಸುದ್ರೂ ಸರಿ, ಫ್ಯಾನ್ ಹುಕ್ಕಿಗೇ ಹಾಕ್ದೆ ಅಂತ ಅಬ್ಬಾ ಅವತ್ತೇ ನನ್ನತ್ರ ಏಳಿದ್ರು ಅಂತ, ಕುರಾನ್ ಮುಟ್ಟಿ ನಾನೇ ಸಾಕ್ಷಿ ಏಳ್ತೀನಿ.”